ಹಾಲು ಚೆಲ್ಲಿದ ಗುರುವಾರ

ಪೀಣ್ಯದ ಒಂದು ಶೆಡ್ಡಿನಲ್ಲಿ ವೇಣಿಗೆ ದಿನವಿಡೀ ತಪ್ಪು ಹುಡುಕುವ ಕೆಲಸ. ಲೇತಿನಿಂದ ಇಳಿದು ಬಂದ ಬಳೆಯಂಥ ಪುಟ್ಟ ಹಿತ್ತಾಳೆಯ ಬುಷ್‌ಗಳನ್ನು ಒಂದೊಂದಾಗಿ ಅಳತೆಯ ಗೇಜಿಗೆ ಹಾಕಿ ನೋಡಬೇಕು. ಸರಿಯಿದ್ದರೆ ಹಸಿರು ಟ್ರೇಗೆ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಟ್ರೇಗೆ. ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ವೇಣಿಯ ಕಣ್ಣು ತಪ್ಪಿಸಿ ಒಂದು ಕೆಟ್ಟ ಪೀಸೂ ಹೊರಗೆ ಹೋಗುವುದಿಲ್ಲ ಎಂದು ಸೂಪರ್‌ವೈಸರ್ ಲೋಕೇಶ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಾನೆ. ಪಾಪ, ಅವನಿಗೇನು ಗೊತ್ತು. ಅವಳು ಎಂಟನೇ ವಯಸ್ಸಿಗೇ ಈ ವಿದ್ಯೆಗೆ ಕೂತವಳು.

ಆ ಸೋಮವಾರ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ವೇಣಿ ಅವ್ರಾ ಮಾತಾಡ್ತಿರೋದು? ನಾನು ಅಡ್ವೊಕೇಟ್ ಸೌಮ್ಯಾ ಅಂತ, ಸಿಂಗಸಂದ್ರದಿಂದ. ಮಂಜುಶ್ರೀ ಅನ್ನೋರು ನಿಮ್ಮ ಹೆಸ್ರು ಕೊಟ್ಟಿದಾರೆ.”

ಕೈಯಲ್ಲಿದ್ದ ಚಪಾತಿಯ ತುಂಡು ಕೈಯಲ್ಲೇ ಉಳಿಯಿತು. ಹನ್ನೆರಡು ವರ್ಷದಿಂದ ಆ ಹೆಸರನ್ನು ಯಾರೂ ಅವಳ ಕಿವಿಯ ಹತ್ತಿರ ಹೇಳಿರಲಿಲ್ಲ. ಹೇಳುವಂತಿರಲಿಲ್ಲ.

ವಕೀಲೆ ಸಾವಧಾನವಾಗಿ ವಿಷಯ ಹೇಳಿದಳು. ಮಾಕಳಿಯ ‘ಬೆಳಕಿನ ಮನೆ’ಯ ಗುರು ದೊಡ್ಡಯ್ಯನ ಮೇಲೆ ಮಂಜುಶ್ರೀ ಪೊಲೀಸರಿಗೆ ದೂರು ಕೊಟ್ಟಿದ್ದಾಳೆ. ಚಿಕ್ಕವಳಿದ್ದಾಗ ಆತ ತನ್ನ ಮೇಲೆ ನಡೆಸಿದ್ದರ ಬಗ್ಗೆ. ಆಗ ಅವಳು ಅದನ್ನು ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ.

“ಅದು ನೀವು. ಬರೋ ವಾರ ಗುರುವಾರ ಇನ್ಸ್‌ಪೆಕ್ಟರ್ ಮೇಡಂ ನಮ್ಮ ಆಫೀಸಿಗೇ ಬರ್ತಾರೆ. ನೀವು ಬಂದು ಹೇಳಿಕೆ ಕೊಡೋಕಾಗುತ್ತಾ?”

“ಮಂಜು ಚೆನ್ನಾಗಿದಾಳಾ?” ಎಂದಳು ವೇಣಿ. ಬಾಯಿಗೆ ಬಂದದ್ದು ಅದೊಂದೇ ಮಾತು.

ಆ ಕಡೆಯಿಂದ ಉತ್ತರ ಬಂತು. “ಅವ್ರು ನಿಮ್ಮ ಜೊತೆ ಮಾತಾಡಲ್ವಂತೆ. ಬರ್ತಾಳೋ ಇಲ್ವೋ, ಅಷ್ಟು ಮಾತ್ರ ಕೇಳಿ ಅಂದಿದಾರೆ.”

ಯೋಚಿಸಿ ಹೇಳುತ್ತೇನೆ ಎಂದು ವೇಣಿ ಫೋನಿಟ್ಟಳು. ಆ ಮಧ್ಯಾಹ್ನ ಮೂರು ಒಳ್ಳೆಯ ಬುಷ್‌ಗಳು ಕೆಂಪು ಟ್ರೇಗೆ ಬಿದ್ದವು. ಲೋಕೇಶ್ ಅವನ್ನು ಎತ್ತಿ ತೋರಿಸಿದಾಗ ಅವಳಿಗೆ ಸುಮ್ಮನೆ ಅಳು ಬಂತು.

ಬೆಳಕಿನ ಮನೆ ಎಂದರೆ ಗೋಪುರ, ಕಳಸ ಎಂದೆಲ್ಲ ಊಹಿಸಬೇಡಿ. ಮಾಕಳಿಯಲ್ಲಿ ತುಮಕೂರು ರಸ್ತೆಗೆ ಬೆನ್ನು ಮಾಡಿಕೊಂಡಿರುವ, ಒಂದು ಕಾಲಕ್ಕೆ ಗೋಡೌನ್ ಆಗಿದ್ದ ಶೀಟಿನ ಕಟ್ಟಡ. ಒಳಗೆ ಸುಣ್ಣ ಬಳಿದ ಗೋಡೆ, ನಡುವೆ ಒಂದು ದೀಪ, ಅಷ್ಟೆ. ಅಲ್ಲಿಗೆ ಸೇರಿದವರು ಹೂ ಮುಡಿಯುವಂತಿಲ್ಲ, ಟಿವಿ ನೋಡುವಂತಿಲ್ಲ, ಹೊರಗಡೆ ಒಂದು ಲೋಟ ಟೀ ಕುಡಿಯುವಂತಿಲ್ಲ. ಊಟದ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಹೆಸರು ಕೊರೆದ ಸ್ಟೀಲ್ ತಟ್ಟೆ ಉಂಟು. ಯಾರನ್ನಾದರೂ ಹೊರಗೆ ಹಾಕಿದರೆ ಅವರ ತಟ್ಟೆಯನ್ನು ಬೋರಲು ಹಾಕುತ್ತಾರೆ. ಹಾಕಬೇಕಾದವಳು ಹೆತ್ತ ತಾಯಿ. ಆಮೇಲೆ ಆ ಹೆಸರನ್ನು ಯಾರೂ ಎತ್ತುವುದಿಲ್ಲ.

ಇಷ್ಟೆಲ್ಲ ಇದ್ದರೂ ವೇಣಿಗೆ ಆ ಜಾಗದ ಮೇಲೆ ಪ್ರಾಣ. ನೂರಿಪ್ಪತ್ತು ಜನ ತಾಳವಿಲ್ಲದೆ, ಹಾರ್ಮೋನಿಯಂ ಇಲ್ಲದೆ, ಬರೀ ಗಂಟಲಿನಲ್ಲಿ ಹಾಡುತ್ತಿದ್ದರು. ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸೇ ಧಡ್ ಧಡ್ ಎಂದು ತಾಳ ಹಾಕುತ್ತಿತ್ತು. ಆ ಹಾಡಿನ ನಡುವೆ ಕೂತಾಗ ತನಗೆ ಯಾವ ಕೇಡೂ ಬರಲಾರದು ಎಂದು ಅವಳಿಗೆ ಅನ್ನಿಸುತ್ತಿತ್ತು. ಲಗ್ಗೆರೆಯಲ್ಲಿ ಬಾಡಿಗೆ ರೂಮು ಮಾಡಿಕೊಂಡ ಮೇಲೂ ಅವಳು ವಾರದ ರಜೆಯನ್ನು ಹಟ ಹಿಡಿದು ಗುರುವಾರಕ್ಕೇ ಹಾಕಿಸಿಕೊಂಡದ್ದು ಅದಕ್ಕೇ.

ಗುರುವಾರ ಸಭೆ. ಅಲ್ಲಿಯ ಕಟ್ಟಳೆಯೇ ಬೇರೆ. ತನ್ನ ಮಾತನ್ನು ತಾನು ಹೇಳಿಕೊಳ್ಳುವಂತಿಲ್ಲ. ಎಂಟು ವರ್ಷ ತುಂಬಿದ ಹುಡುಗಿಗೆ ಅದೇ ವಯಸ್ಸಿನ ಇನ್ನೊಬ್ಬಳನ್ನು ಜೊತೆ ಮಾಡಿ, ಇಬ್ಬರ ಕೈಗೂ ಒಂದೇ ದಾರ ಕಟ್ಟುತ್ತಾರೆ. ಅಂದಿನಿಂದ ಇವಳ ತಪ್ಪನ್ನು ಅವಳು ಹೇಳಬೇಕು, ಅವಳದನ್ನು ಇವಳು. ತನ್ನ ಬಗ್ಗೆ ತಾನೇ ಆಡಿದ ಮಾತು ಅಹಂಕಾರ. ಜೊತೆಯವಳ ಬಾಯಿಂದ ಬಂದದ್ದು ಮಾತ್ರ ಸತ್ಯ. ಎದ್ದು ಕೈಮುಗಿದು “ನನ್ನ ಜೊತೆಯವಳ ಮಾತು ಹೇಳ್ತೀನಿ” ಎನ್ನಬೇಕು. ಹೇಳಿ ಮುಗಿಸಿದ ಮೇಲೆ ಸಭೆಯೆಲ್ಲ ಒಟ್ಟಿಗೆ “ಕೇಳಿದೆವು” ಎನ್ನುತ್ತದೆ. ದೊಡ್ಡಯ್ಯ ಶಿಕ್ಷೆ ಹೇಳುತ್ತಾನೆ.

ವೇಣಿಗೆ ಜೊತೆಯಾಗಿ ಬಂದವಳು ಮಂಜುಶ್ರೀ. ಅವಳಪ್ಪ ಸಿದ್ರಾಮ ಗದಗದ ಕಡೆಯಿಂದ ಪ್ರೆಸ್ ಕೆಲಸಕ್ಕೆ ಬಂದವನು. ಮಂಜುವಿಗೆ ಉದ್ದ ಜಡೆ, ಬಾಯಿ ತುಂಬ ಮಾತು, ಮಾತು ತುಂಬ ‘ಖರೇ’. ಈ ಇಬ್ಬರು ಕಿಲಾಡಿಗಳು ಒಂದೇ ತಿಂಗಳಲ್ಲಿ ಕಟ್ಟಳೆಯ ಬುಡಕ್ಕೇ ಕೈಹಾಕಿದರು. ಶಾಲೆಯಿಂದ ಬರುವ ದಾರಿಯಲ್ಲಿ ಯಾರೋ ಬಿಟ್ಟುಹೋದ ಒಂದು ದೊಡ್ಡ ಸಿಮೆಂಟ್ ಪೈಪು ಬಿದ್ದಿತ್ತು. ಪ್ರತಿ ಬುಧವಾರ ಅದರೊಳಗೆ ಕೂತು ಇಬ್ಬರೂ ತಪ್ಪುಗಳನ್ನು ಹಂಚಿಕೊಳ್ಳುತ್ತಿದ್ದರು.

“ಈ ವಾರ ನಂಗೇನು ಕೊಡ್ತೀಯ?” ಎನ್ನುತ್ತಿದ್ದಳು ವೇಣಿ.

“ನಿನಗಾ? ಪ್ರಾರ್ಥನ್ಯಾಗ ತೂಕಡಿಸಿದ್ಲು ಅಂತೀನಿ. ನನಗೇನ್ ಕೊಡ್ತಿ?”

“ಹಾಲು ಚೆಲ್ಲಿದ್ಲು.”

“ಹೋದ ವಾರನೂ ಅದ ಇತ್ತಲ್ಲಲೇ! ಬ್ಯಾರೆ ಏನರ ಹುಡುಕು.”

ಹುಸಿ ತಪ್ಪುಗಳನ್ನು ಸಭೆಗೆ ಕೊಟ್ಟು, ನಿಜವಾದವನ್ನು ಪೈಪಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಗಾಡಿಯ ಮಸಾಲೆಪುರಿ, ವಾಚ್‌ಮನ್ ಗೂಡಿನ ಟಿವಿಯಲ್ಲಿ ಕದ್ದು ನೋಡಿದ ಅರ್ಧ ಸಿನಿಮಾ. ಒಮ್ಮೆ ಮಂಜು ಎಲ್ಲಿಂದಲೋ ಒಂದು ಮೊಳ ಕಾಕಡ ಹೂ ತಂದಿದ್ದಳು. ಅದನ್ನು ಎರಡು ತುಂಡು ಮಾಡಿ, ಇಬ್ಬರೂ ಮುಡಿದು, ಹತ್ತು ನಿಮಿಷ ಪೈಪಿನೊಳಗೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ವೇಣಿಯ ಇಡೀ ಜೀವಮಾನದಲ್ಲಿ ಅವಳು ಅಷ್ಟು ಚೆಂದ ಕಂಡದ್ದು ಆ ಹತ್ತು ನಿಮಿಷ ಮಾತ್ರ.

ಹದಿಮೂರನೇ ವರ್ಷಕ್ಕೆ ಮಂಜುವನ್ನು ಒಳಮನೆ ಸೇವೆಗೆ ಆರಿಸಿದರು. ಸಭಾಂಗಣದ ಹಿಂದೆ ದೊಡ್ಡಯ್ಯ ಇರುವ ಕೋಣೆಗೆ ಒಳಮನೆ ಎಂದು ಹೆಸರು. ಮಧ್ಯಾಹ್ನ ಅಲ್ಲಿ ಕಸ ಗುಡಿಸಿ, ನೀರಿಟ್ಟು, ಆತನ ಕಾಲೊತ್ತಿ ಬರಬೇಕು. ಅದು ಭಾಗ್ಯ ಎಂದು ಹೆಂಗಸರೆಲ್ಲ ಮಂಜುವಿನ ಕೆನ್ನೆ ಸವರಿ ನೆಟಿಕೆ ಮುರಿದರು. ವೇಣಿಗೆ ಹೊಟ್ಟೆ ಉರಿಯಿತು. ಉರಿಯಿತು ಎಂದರೆ ಉರಿಯಿತೇ, ಅದರಲ್ಲಿ ಮುಚ್ಚುಮರೆ ಏನು. ತನ್ನಲ್ಲಿ ಏನು ಕಮ್ಮಿ ಕಂಡಿತು ದೊಡ್ಡಯ್ಯನಿಗೆ ಎಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಮಂಜುವಿನ ಮಾತು ನಿಂತಿತು. ಒಂದು ಬುಧವಾರ ಪೈಪಿನೊಳಗೆ ಮೊಣಕಾಲು ತಬ್ಬಿಕೊಂಡು ಕೂತಳು.

“ನಾಳೆ ಸುಳ್ಳು ಬ್ಯಾಡ. ಖರೇ ಹೇಳು.”

“ಏನದು ಖರೇ?”

“ನಾ ಒಳಮನಿಗೆ ಹೋಗಂಗಿಲ್ಲ ಅಂತ ಹೇಳು. ದೊಡ್ಡಯ್ಯ ಬಾಗ್ಲಾ ಹಾಕ್ತಾನ. ಮೈಮ್ಯಾಲೆ ಕೈ ಹಾಕ್ತಾನ. ಅತ್ರೂ ಬಿಡಂಗಿಲ್ಲ.”

ವೇಣಿ ಅವಳ ಪಕ್ಕಕ್ಕೆ ಸರಿದಳು. “ನಿಮ್ಮಪ್ಪಂಗೆ ಹೇಳೇ.”

“ನನ್ನ ಮಾತು ನನ್ನ ಬಾಯಾಗ ಬಂದ್ರ ನಡೀತದೇನು? ಜೊತೆಯಾಕಿ ಹೇಳ್ಲಿ ಅಂತಾನ ಅಪ್ಪ. ನೀನ ಹೇಳಬೇಕು. ಹೇಳ್ತಿಯಿಲ್ಲೋ?”

“ಹೇಳ್ತೀನಿ” ಎಂದು ವೇಣಿ ಅವಳ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದಳು. ನಿಜಕ್ಕೂ ಹೇಳಬೇಕೆಂದೇ ಇದ್ದಳು.

ಮರುದಿನ ಸಭೆಯಲ್ಲಿ ಎದ್ದು ನಿಂತಳು. ಎದುರಿಗೆ ನೂರಿಪ್ಪತ್ತು ಮುಖ. ಅಮ್ಮ ಅನುಸೂಯಮ್ಮ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ದೊಡ್ಡಯ್ಯ ನಗುತ್ತಿದ್ದ, ಪ್ರತಿ ಹಬ್ಬಕ್ಕೂ ಅವಳ ಅಂಗೈಗೆ ಕಲ್ಲುಸಕ್ಕರೆ ಹಾಕುತ್ತಿದ್ದ ಅದೇ ಮುಖದ ಅದೇ ನಗು. “ನನ್ನ ಜೊತೆಯವಳ ಮಾತು ಹೇಳ್ತೀನಿ” ಎಂದಳು. ಪಕ್ಕದ ಪ್ರೆಸ್ಸು ಧಡ್ ಎಂದಿತು. ಆದರೆ ಬಾಯಿಂದ ಹೊರಗೆ ಬಂದದ್ದು ರೂಢಿಯಾಗಿದ್ದ ಮಾತು.

“ಮಂಜುಶ್ರೀ... ನೈವೇದ್ಯದ ಹಾಲು ಚೆಲ್ಲಿದ್ಲು.”

“ಕೇಳಿದೆವು” ಎಂದಿತು ಸಭೆ.

ದೊಡ್ಡಯ್ಯ ಮೆಲ್ಲಗೆ ತಲೆಯಾಡಿಸಿದ. “ಕೈ ನಡುಗೋ ಮಗೂನ ದೂರ ಮಾಡಬಾರದು, ಹತ್ತಿರ ಇಟ್ಕೊಂಡು ತಿದ್ದಬೇಕು. ಹನ್ನೊಂದು ದಿವಸ ಒಳಮನೆ ಸೇವೆ ಎರಡು ಹೊತ್ತೂ ಮಾಡಲಿ.”

ಎಂಥ ಕರುಣೆ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಈಗ ಮಂಜುವಿನ ಸರದಿ. ಅವಳು ಎದ್ದಳು, ಕೈಮುಗಿದಳು. ವೇಣಿಯನ್ನು ಒಮ್ಮೆ ನೋಡಿದಳು. ಬೈದಿದ್ದರೆ, ಇದ್ದಬದ್ದ ತಪ್ಪನ್ನೆಲ್ಲ ಎತ್ತಿ ಆಡಿದ್ದರೆ ಎಷ್ಟೋ ವಾಸಿಯಿತ್ತು.

“ನನ್ನ ಜೊತೆಯಾಕಿದು ಏನೂ ತಪ್ಪಿಲ್ಲ” ಎಂದು ಹೇಳಿ ಕೂತಳು.

ಹನ್ನೊಂದನೇ ದಿನ ಸಿದ್ರಾಮ ಮಗಳನ್ನು ಕರೆದುಕೊಂಡು ಊರು ಬಿಟ್ಟ. ಅವನಿಗೆ ಏನು ತಿಳಿಯಿತೋ, ಯಾರಿಗೂ ಹೇಳಲಿಲ್ಲ. ಅವರ ಮನೆಯ ತಟ್ಟೆಗಳು ಬೋರಲಾದವು. ವೇಣಿಗೆ ಮತ್ತೆ ಜೊತೆ ಸಿಗಲಿಲ್ಲ. ಅವಳ ವಯಸ್ಸಿನವರೆಲ್ಲ ಆಗಲೇ ಜೋಡಿಯಾಗಿದ್ದರು. ಅಲ್ಲಿಂದ ಈಚೆಗೆ ಗುರುವಾರ ಅವಳು ಕಂಬದ ಹಿಂದೆ ಕೂರುತ್ತಾಳೆ. ಹನ್ನೆರಡು ವರ್ಷದಿಂದ ಅವಳ ತಪ್ಪು ಹೇಳುವವರು ಯಾರೂ ಇಲ್ಲ. ಬಯ್ಯುವವರು ಬೇಕು ಎಂದು ಮನುಷ್ಯರು ಹಂಬಲಿಸುವುದುಂಟೇ? ವೇಣಿ ಹಂಬಲಿಸಿದಳು. ಪೈಪು ಇದ್ದ ಜಾಗಕ್ಕೆ ಸರ್ವಿಸ್ ರಸ್ತೆ ಬಂತು. ಬಸ್ಸು ಅಲ್ಲಿ ಹಾದುಹೋಗುವಾಗ ಈಗಲೂ ಅವಳು ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಾಳೆ. ಯಾರದೋ ಉದ್ದ ಜಡೆ ಕಂಡರೆ ಎರಡು ಸ್ಟಾಪು ಮೊದಲೇ ಇಳಿದದ್ದೂ ಉಂಟು.

ಫೋನು ಬಂದ ಮೂರನೇ ದಿನ ಗುರುವಾರ. ವೇಣಿ ಎಂದಿನಂತೆ ಮಾಕಳಿಗೆ ಹೋದಳು. ಅಮ್ಮ ಇರುವುದು ಅಣ್ಣ ನರೇಶನ ಸಂಸಾರದ ಜೊತೆ. ಜಗುಲಿಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅಣ್ಣನ ಮಗಳು ಪ್ರಿಯಾಂಕಾ ಓಡಿಬಂದು ಕಾಲಿಗೆ ಸುತ್ತಿಕೊಂಡಿತು.

“ಅತ್ತೆ, ಮುಂದಿನ್ ಗುರುವಾರ ನಂಗೆ ದಾರ ಕಟ್ತಾರೆ! ಉಮಾಶ್ರೀ ನನ್ ಜೊತೆ!” ಮಗು ಉಸಿರು ತೆಗೆದುಕೊಂಡು ದನಿ ತಗ್ಗಿಸಿತು. “ಅತ್ತೆ, ಉಮಾಶ್ರೀ ಏನೂ ತಪ್ಪೇ ಮಾಡಲ್ಲ. ಆಗ ನಾನೇನ್ ಹೇಳ್ಲಿ? ಹಾಲು ಚೆಲ್ಲಿದ್ಲು ಅಂತ ಹೇಳ್ಬೋದಾ?”

ವೇಣಿ ಅಲ್ಲೇ ಕೂತುಬಿಟ್ಟಳು. ಆ ಮಾತು ಆ ಮಗುವಿನ ಬಾಯಿಗೆ ಹೇಗೆ ಬಂತು? ಯಾರೂ ಕಲಿಸಬೇಕಿಲ್ಲ, ಬೆಳಕಿನ ಮನೆಯಲ್ಲಿ ಎಲ್ಲ ಮಕ್ಕಳೂ ಮೊದಲು ಚೆಲ್ಲುವುದು ಹಾಲನ್ನೇ. ಮಗುವನ್ನು ಒಳಗೆ ಕಳಿಸಿ ಅವಳು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಪೈಪು, ಆಣೆ, ಹಾಲು, ವಕೀಲೆಯ ಫೋನು. ಅನುಸೂಯಮ್ಮನ ಕೈ ನಿಲ್ಲಲಿಲ್ಲ. ಕಾಳು ಬುಟ್ಟಿಗೆ ಬೀಳುತ್ತಲೇ ಇತ್ತು.

“ಆ ಎಸ್ರು ಈ ಮನೇಲಿ ಬ್ಯಾಡ” ಎಂದಳು ಕೊನೆಗೆ.

“ಅಮ್ಮ, ನಿಂಗೆ ಆಗ್ಲೇ ಗೊತ್ತಿತ್ತಾ?”

“ಗೊತ್ತಿರ್ಲಿಲ್ಲ. ಕೇಳ್ಲೂ ಇಲ್ಲ. ನಿಮ್ಮಪ್ಪ ಕುಡ್ದು ಕುಡ್ದು ಮೋರೀಲಿ ಬಿದ್ದಿರ್ತಿದ್ದಾಗ ಎತ್ಕೊಂಡೋಗಿ ಮನ್ಸನ್ನ ಮಾಡಿದ್ದು ದೊಡ್ಡಯ್ಯ. ಅದ್ನ ಎಂಗೆ ಮರೀಲಿ?”

ಅದು ಸುಳ್ಳಲ್ಲ. ಅಪ್ಪ ಚಿನ್ನಪ್ಪ ಸಾಯುವ ತನಕ ಹತ್ತು ವರ್ಷ ಬಾಟಲಿ ಮುಟ್ಟದೆ ಬಾಳಿದ್ದು ಆ ಶೀಟಿನ ಕೆಳಗೇ. ಈ ಋಣ ಇಲ್ಲದಿದ್ದರೆ ವೇಣಿಗೆ ಇಷ್ಟು ಕಷ್ಟವಿರಲಿಲ್ಲ.

“ಮುಂದಿನ ಗುರುವಾರ ನಾನು ಇಲ್ಲಿಗೆ ಬರಲ್ಲಮ್ಮ. ಸಿಂಗಸಂದ್ರಕ್ಕೆ ಹೋಗ್ತೀನಿ.”

“ನೀನು ಅಲ್ಲಿಗೋದ್ರೆ ನಿನ್ ತಟ್ಟೆ ನಾನೇ ಬೋರಲಾಕ್ಬೇಕಾಯ್ತದೆ ಕಣೇ.” ಅಮ್ಮ ಈಗ ತಲೆಯೆತ್ತಿದಳು. ಕಣ್ಣು ತುಂಬಿತ್ತು. “ನನ್ ಕೈಲಿ ಅದುನ್ನ ಮಾಡಿಸ್ಬ್ಯಾಡ.”

ಅವತ್ತು ಸಭೆಯಲ್ಲಿ ವೇಣಿ ಕಂಬದ ಹಿಂದೆ ಕೂತು ಹಾಡು ಕೇಳಿದಳು. ತಾನು ಹಾಡಲಿಲ್ಲ. ಇದೇ ಕೊನೆ ಎಂದು ಗೊತ್ತಿದ್ದ ಮೇಲೆ ಹಾಡು ಎಂದಿಗಿಂತ ಇಂಪಾಗಿತ್ತು, ಅದೊಂದು ಅನ್ಯಾಯ. ಊಟ ಮುಗಿಸಿ, ತಟ್ಟೆ ತೊಳೆದು, ಒರೆಸಿ, ತನ್ನ ಹೆಸರಿನ ಮೇಲೆ ಬೆರಳಾಡಿಸಿ ಸಾಲಿನಲ್ಲಿ ಇಟ್ಟು ಬಂದಳು.

ಬರುತ್ತೇನೆಂದು ವಕೀಲೆಗೆ ತಿಳಿಸಿದ್ದ ವೇಣಿ ಮುಂದಿನ ಗುರುವಾರ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಹಳದಿ ಲೈನಿಗೆ ಬದಲಾಯಿಸಿದಳು. ಅಮ್ಮನ ಫೋನು ಬಂದಾಗ ರೈಲು ಬೊಮ್ಮನಹಳ್ಳಿ ದಾಟಿತ್ತು.

“ಎಲ್ಲಿದೀಯ?”

“ರೈಲಲ್ಲಿ.”

ಅಮ್ಮನ ಹಿಂದೆ ಪವರ್ ಪ್ರೆಸ್ಸಿನ ಸದ್ದು ಕೇಳುತ್ತಿತ್ತು. “ತಟ್ಟೆ ಬೋರಲಾಕ್ದೆ” ಎಂದಳು. “ಎಲ್ರೂ ನೋಡ್ತಿದ್ರು. ಆಕ್ಲೇಬೇಕಿತ್ತು.”

“ಹೂಂ ಅಮ್ಮ.”

“ಇನ್ನೊಂದು. ಪ್ರಿಯಾಂಕಂಗೆ ಜ್ವರ ಅಂತ ಏಳಿದೀನಿ. ದಾರ ಕಟ್ಟೋದು ಬ್ಯಾಡ ಅಂದೆ.”

“ಅಯ್ಯೋ, ಜ್ವರಾನಾ? ಜಾಸ್ತಿ ಇದೆಯಾ?”

“ಜ್ವರ ಎಲ್ಲೈತೆ. ಆಡ್ಕೊಂಡ್ ಕುಂತೈತೆ” ಎಂದು ಅಮ್ಮ ಫೋನಿಟ್ಟಳು.

ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳದ ಅನುಸೂಯಮ್ಮ. ವೇಣಿ ರೈಲಿನ ಬಾಗಿಲಿಗೆ ಮುಖ ತಿರುಗಿಸಿ ಅತ್ತಳು, ನಕ್ಕಳು. ಪಕ್ಕದಲ್ಲಿ ನಿಂತಿದ್ದ ಐಟಿ ಹುಡುಗಿ ಏನೂ ಕೇಳದೆ ಒಂದು ಟಿಶ್ಯೂ ಕೊಟ್ಟಳು.

ಸೌಮ್ಯಾಳ ಆಫೀಸು ಬೇಕರಿಯ ಮೇಲಿನ ಮಹಡಿ. ಬಾಗಿಲು ತೆಗೆದರೆ ಎದುರಿಗೇ ಬೆಂಚು, ಬೆಂಚಿನ ಮೇಲೆ ಮಂಜುಶ್ರೀ. ಜಡೆ ಇರಲಿಲ್ಲ, ಕೂದಲು ಕತ್ತಿನವರೆಗೆ ಕತ್ತರಿಸಿತ್ತು. ಆದರೆ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದ ರೀತಿ ಅದೇ. ವೇಣಿಯನ್ನು ನೋಡಿ ಅವಳು ಗೋಡೆಯ ಕಡೆ ತಿರುಗಿದಳು. ಹನ್ನೆರಡು ವರ್ಷ ಹುಡುಕಿದ ಮುಖ ಮೂರು ಅಡಿ ದೂರದಲ್ಲಿತ್ತು, ಮುಟ್ಟುವಂತಿರಲಿಲ್ಲ.

ಒಳಗೆ ಇನ್ಸ್‌ಪೆಕ್ಟರ್ ಹೇಮಲತಾ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದರು. ನಡುವಿನ ಬಾಗಿಲನ್ನು ಸೌಮ್ಯಾ ಮುಚ್ಚಲು ಹೋದಾಗ ವೇಣಿ ತಡೆದಳು. “ತೆಗ್ದೇ ಇರ್ಲಿ ಮೇಡಂ. ಅವ್ಳಿಗೆ ಕೇಳಿಸ್ಬೇಕು.”

ಸೌಮ್ಯಾ ಹೊರಗೆ ಹೋಗಿ ಮಂಜುಶ್ರೀಯನ್ನು ಕೇಳಿ ಬಂದಳು. ಬಾಗಿಲು ತೆರೆದೇ ಉಳಿಯಿತು.

ವೇಣಿ ಕೂತು ಮಾತಾಡಲಾರದೆ ಎದ್ದು ನಿಂತಳು. ಕೈ ತಾನಾಗಿ ಮುಗಿಯಿತು. “ನನ್ನ ಜೊತೆಯವಳ ಮಾತು ಹೇಳ್ತೀನಿ” ಎಂದಳು. ಬುಧವಾರ ಪೈಪಿನೊಳಗೆ ಮಂಜು ಹೇಳಿದ್ದನ್ನೆಲ್ಲ, ಬಾಗಿಲು ಹಾಕಿದ್ದು, ಕೈ ಹಾಕಿದ್ದು, ಅತ್ತರೂ ಬಿಡದ್ದು, ಒಂದಕ್ಷರ ಬಿಡದೆ ಹೇಳಿದಳು. ಇನ್ಸ್‌ಪೆಕ್ಟರ್ ಟೈಪ್ ಮಾಡುತ್ತ ಹೋದರು.

“ಇಷ್ಟು ಸಾಕಮ್ಮ.”

“ಇನ್ನೂ ಇದೆ ಮೇಡಂ. ಮಾರನೇ ದಿನ ಸಭೇಲಿ ನಾನು ಅವ್ಳು ಹಾಲು ಚೆಲ್ಲಿದ್ಲು ಅಂತ ಹೇಳ್ದೆ. ಅವ್ಳು ಚೆಲ್ಲಿರ್ಲಿಲ್ಲ. ನಾನು ಹಂಗೆ ಹೇಳಿದ್ದಕ್ಕೆ ಹನ್ನೊಂದು ದಿವಸ ಮತ್ತೆ ಅಲ್ಲಿಗೇ ಕಳಿಸಿದ್ರು.”

“ಅದು ನಿಮ್ಮ ತಪ್ಪಲ್ಲ. ನೀವೂ ಮಗು ಆಗ” ಎಂದಳು ಸೌಮ್ಯಾ.

“ಇರ್ಬೋದು. ಆದ್ರೂ ಬರ್ಕೊಳಿ. ಹಾಲು ಚೆಲ್ಲಿರ್ಲಿಲ್ಲ ಅಂತ ಬರೀರಿ.”

ಇನ್ಸ್‌ಪೆಕ್ಟರ್ ಬರೆದುಕೊಂಡರು. ಪ್ರಿಂಟ್ ತೆಗೆದು ಮೊದಲಿನಿಂದ ಗಟ್ಟಿಯಾಗಿ ಓದಿ ಹೇಳಿದರು. ಓದಿ ಮುಗಿದಾಗ ವೇಣಿ ಅಭ್ಯಾಸಬಲದಿಂದ ಒಂದು ಕ್ಷಣ ಕಾದಳು. ‘ಕೇಳಿದೆವು’ ಎನ್ನಲು ಅಲ್ಲಿ ಸಭೆ ಇರಲಿಲ್ಲ. ಕೆಳಗೆ ಬೇಕರಿಯವನು ಯಾರಿಗೋ ಎರಡು ಟೀ ಎಂದು ಕೂಗುತ್ತಿದ್ದ.

ಹೊರಗೆ ಬಂದರೆ ಮಂಜುಶ್ರೀ ಬೆಂಚಿನಿಂದ ಎದ್ದು ನಿಂತಿದ್ದಳು. ಮುಖ ಒದ್ದೆಯಾಗಿತ್ತು. ಕ್ಷಮಿಸು ಎಂಬ ಮಾತು ವೇಣಿಯ ಬಾಯಿಯ ತನಕ ಬಂದು ತೀರ ಚಿಕ್ಕದೆನ್ನಿಸಿ ಒಳಗೇ ಹೋಯಿತು. ಬದಲಿಗೆ ಪೈಪಿನೊಳಗಿನ ಹಳೆಯ ಪ್ರಶ್ನೆ ಹೊರಗೆ ಬಂತು.

“ಮಂಜು... ಈ ವಾರ ನಂಗೇನು ಕೊಡ್ತೀಯ?”

ಮಂಜುಶ್ರೀ ಅವಳನ್ನು ದಿಟ್ಟಿಸಿ ನೋಡಿದಳು. ಮಾತಾಡುವುದಿಲ್ಲ ಎಂದವಳು, ಮಾತಾಡದೆಯೇ ಮೆಟ್ಟಿಲಿಳಿದು ಹೋಗಬಹುದಿತ್ತು. ಹೋಗಲಿಲ್ಲ. ಎರಡೂ ಕೈ ಎತ್ತಿ ನಿಧಾನವಾಗಿ ಮುಗಿದಳು.

“ನನ್ನ ಜೊತೆಯಾಕಿ ಮಾತು ಹೇಳ್ತೀನಿ” ಎಂದಳು. “ವೇಣಿ ಬಾಳ ತಡಾ ಮಾಡಿ ಬಂದ್ಲು.”

ಹನ್ನೆರಡು ವರ್ಷದ ಮೇಲೆ ಅವಳ ತಪ್ಪನ್ನು ಒಬ್ಬರು ಹೇಳಿದ್ದರು.

“ಕೇಳಿದೆ” ಎಂದಳು ವೇಣಿ.